ಎರಡೆಕರೆ, ಎರಡು ಹಸು, ಒಂದು ಲಾಂಗ್ ಬುಕ್: ಮನೆಯ ಬೇಸಾಯದ ಲೆಕ್ಕ ಬರೆಯುವ ಬಗೆ

ಸಾಲಗಾಮೆ, ದುದ್ದ, ಶಾಂತಿಗ್ರಾಮ, ಕಟ್ಟಾಯ ಕಡೆಯ ಸಣ್ಣ ಹಿಡುವಳಿದಾರರನ್ನು ಕೇಳಿದರೆ ಆಲೂಗೆಡ್ಡೆ ಎಷ್ಟಕ್ಕೆ ಮಾರಿದೆವು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. ಅದರಲ್ಲಿ ಮನೆಯವರ ಒಂದು ದಿನದ ದುಡಿಮೆಗೆ ಎಷ್ಟು ಬಿತ್ತು ಎಂದರೆ ಉತ್ತರ ಬರುವುದಿಲ್ಲ. ಹಾಸನ ಪಟ್ಟಣ ಹತ್ತಿರವಿರುವ ಊರಿಗೆ ಬೇಕಾಗಿರುವುದು ಆ ಎರಡನೆಯ ಅಂಕಿಯೇ. ಬಟ್ಟೆ ಕಾರ್ಖಾನೆಯ ಬಸ್ಸು ಊರಬಾಗಿಲಿಗೆ ಬರುತ್ತದೆ, ಗಾರೆ ಕೆಲಸಕ್ಕೆ ಕರೆಯುವವರಿದ್ದಾರೆ, ಹಾಲನ್ನು ಡೈರಿಗೆ ಹಾಕಬಹುದು ಇಲ್ಲವೇ ಪೇಟೆಯ ಮನೆಗಳಿಗೆ ವರ್ತನೆಗೆ (ದಿನವೂ ಮನೆ ಬಾಗಿಲಿಗೇ ಹಾಕುವುದು) ಕೊಡಬಹುದು. ಯಾವುದು ಮೇಲು ಅನ್ನುವುದನ್ನು ಅಂದಾಜಿನಲ್ಲಿ ತೀರ್ಮಾನಿಸಿದರೆ ಐದು ವರ್ಷ ತಪ್ಪು ದಾರಿಯಲ್ಲಿ ಹೋಗಿರುತ್ತೇವೆ.

ಇಲ್ಲಿ ಕೊಟ್ಟಿರುವ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನ ದರ ಹಾಕಿಕೊಂಡು ಮತ್ತೆ ಮಾಡಿ.

ಪುಸ್ತಕ ಹೇಗಿರಬೇಕು

200 ಪುಟದ ಒಂದು ಲಾಂಗ್ ಬುಕ್ ಸಾಕು. ಮೊಬೈಲ್ ಆ್ಯಪ್ ಬೇಡವೆಂದಲ್ಲ, ಆದರೆ ಒಬ್ಬರ ಮೊಬೈಲಿನಲ್ಲಿರುವ ಲೆಕ್ಕವನ್ನು ಮನೆಯ ಉಳಿದವರು ನೋಡುವುದಿಲ್ಲ. ಪುಸ್ತಕವನ್ನು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿ, ಪೆನ್ನನ್ನೂ ಅದೇ ದಾರಕ್ಕೆ ಕಟ್ಟಿ. ಪೆನ್ನು ಹುಡುಕಬೇಕಾದ ಮನೆಯಲ್ಲಿ ಲೆಕ್ಕ ಹದಿನೈದು ದಿನ ನಡೆಯುವುದಿಲ್ಲ.

ಯುಗಾದಿಗೆ ಶುರು ಮಾಡಿ. ಆ ಹೊತ್ತಿಗೆ ಮುಂಗಾರಿನ ಬೆಳೆಯೆಲ್ಲ ಮಾರಾಟವಾಗಿ ಮನೆಯಲ್ಲಿ ದಾಸ್ತಾನು ಕಡಿಮೆ ಇರುತ್ತದೆ, ಬೀಜದ ಆಲೂಗೆಡ್ಡೆ ಇನ್ನೂ ಕೊಂಡಿರುವುದಿಲ್ಲ. ಮೊದಲ ಪುಟದಲ್ಲಿ ಇರುವುದನ್ನು ಎಣಿಸಿ ಬರೆಯಿರಿ: ರಾಗಿ ಎಷ್ಟು ಚೀಲ, ಮೆದೆಯಲ್ಲಿ ಹುಲ್ಲು ಎಷ್ಟು, ತಿಪ್ಪೆಯಲ್ಲಿ ಗೊಬ್ಬರ ಎಷ್ಟು ಲೋಡು, ಹಸು ಕರು, ಬ್ಯಾಂಕಿನಲ್ಲಿ ಎಷ್ಟು, ಕೈಸಾಲ ಎಷ್ಟು, ಚೀಟಿ ಎಷ್ಟು ಕಂತು ಕಟ್ಟಿದೆ.

ಆಮೇಲೆ ಪುಸ್ತಕವನ್ನು ನಾಲ್ಕು ಪಾಲು ಮಾಡಿ. ದಿನದ ಪುಟ, ಬೆಳೆಗೊಂದು ಹಸುವಿಗೊಂದು ಪುಟ, ಮನೆಯಿಂದ ಮನೆಗೇ ಹೋದದ್ದರ ಪುಟ, ಸಾಲದ ಪುಟ. ದಿನದ ಪುಟದಲ್ಲಿ ಐದು ಗೆರೆ ಎಳೆಯಿರಿ: ತಾರೀಕು, ಏನು, ಬಂದದ್ದು, ಹೋದದ್ದು, ಯಾರು ಎಷ್ಟು ಗಂಟೆ ದುಡಿದರು. ಕೊನೆಯದನ್ನೇ ಜನ ಬಿಡುವುದು. ಅದಿಲ್ಲದಿದ್ದರೆ ಉಳಿದ ನಾಲ್ಕು ಕಲಂ ಕಿರಾಣಿ ಅಂಗಡಿಯ ಲೆಕ್ಕದಂತೆ ಆಗುತ್ತದೆ. ಮೂರು ದಿನ ಬರೆಯದೆ ಬಿಟ್ಟರೆ ನಾಲ್ಕನೆಯ ದಿನ ಗಂಟೆಗಳು ನೆನಪಾಗುವುದಿಲ್ಲ. ಹಾಗಾಗಿ ರಾತ್ರಿ ಊಟವಾದ ಮೇಲೆ ಐದು ನಿಮಿಷ, ಒಬ್ಬರು ಹೇಳಿ ಒಬ್ಬರು ಬರೆಯುವುದು ಒಳ್ಳೆಯದು. ಹೈಸ್ಕೂಲಿಗೆ ಹೋಗುವ ಮಗಳಿದ್ದರೆ ಅವಳ ಕೈಗೆ ಕೊಡಿ. ಅಪ್ಪನ ಬೀಡಿ ಖರ್ಚನ್ನೂ ಬಿಡದೆ ಬರೆಯುತ್ತಾಳೆ.

ಮನೆಯವರ ದುಡಿಮೆಗೆ ಕೂಲಿ ಕಟ್ಟಬೇಡಿ

ಪಾಠಪುಸ್ತಕಗಳ ಲೆಕ್ಕದಲ್ಲಿ ಮನೆಯವರ ದುಡಿಮೆಗೂ ದಿನಕ್ಕೆ ಇಂತಿಷ್ಟು ಎಂದು ಕೂಲಿ ಕಟ್ಟಿ ಖರ್ಚಿಗೆ ಸೇರಿಸುತ್ತಾರೆ. ಹಾಗೆ ಮಾಡಿದರೆ ಹತ್ತರಲ್ಲಿ ಎಂಟು ವರ್ಷ ಎಲ್ಲ ಬೆಳೆಯೂ ನಷ್ಟವೇ. ಆದರೂ ಮುಂದಿನ ವರ್ಷ ಬಿತ್ತುತ್ತೀರಿ, ಪುಸ್ತಕ ಸುಳ್ಳು ಹೇಳುತ್ತದೆ ಅನ್ನಿಸಿ ಮೂಲೆಗೆ ಸೇರುತ್ತದೆ. ಅದರ ಬದಲು ಕೈಯಿಂದ ಹೋದ ಖರ್ಚನ್ನೆಲ್ಲ ಕಳೆದು, ಉಳಿದದ್ದನ್ನು ಮನೆಯವರು ದುಡಿದ ದಿನಗಳಿಂದ ಭಾಗಿಸಿ. ಎಂಟು ಗಂಟೆಗೆ ಒಂದು ದಿನ. ಗಂಡಸಿನ ದಿನ, ಹೆಂಗಸಿನ ದಿನ ಎಂದು ಬೇರೆ ಮಾಡಬೇಡಿ. ಆಳಿನ ಕೂಲಿಯಲ್ಲಿರುವ ತಾರತಮ್ಯವನ್ನು ಮನೆಯ ಲೆಕ್ಕಕ್ಕೂ ತರುವುದು ಬೇಡ. ಮುಯ್ಯಾಳಾಗಿ ಪಕ್ಕದವರ ಹೊಲಕ್ಕೆ ಮೂರು ದಿನ ಹೋಗಿದ್ದರೆ, ಅವರು ನಿಮ್ಮ ಹೊಲಕ್ಕೆ ಬಂದ ಮೂರು ದಿನ ನಿಮ್ಮ ಮನೆಯ ದುಡಿಮೆಯೇ. ದುಡ್ಡಿನ ಕಲಂಗೆ ಬರೆಯಬೇಡಿ.

ಅರ್ಧ ಎಕರೆ ಆಲೂಗೆಡ್ಡೆ, ಅಂದರೆ 20 ಗುಂಟೆ, ಹಿಡಿಯೋಣ. ಎಕರೆಗೆ 600 ಕೆಜಿ ಬೀಜದಂತೆ 300 ಕೆಜಿ, ಕೆಜಿಗೆ 30 ರೂಪಾಯಿಯಂತೆ 9,000. ಡಿಎಪಿ, ಪೊಟ್ಯಾಷ್, ಯೂರಿಯಾ ಸೇರಿ 2,800. ಟ್ರ್ಯಾಕ್ಟರ್ ಎರಡು ಗಂಟೆಗೆ 2,000. ಐದು ಸಲ ಔಷಧಿ ಹೊಡೆಯಲು 2,500. ಕೀಳಲು, ಆಯಲು ಎಂಟಾಳಿಗೆ 400ರಂತೆ 3,200. ಚೀಲ, ಸಾಗಣೆ, ಹಮಾಲಿ ಚೀಲಕ್ಕೆ 45ರಂತೆ 40 ಚೀಲಕ್ಕೆ 1,800. ಒಟ್ಟು 21,300 ರೂಪಾಯಿ ಕೈಯಿಂದ ಹೋಯಿತು. ಬಂದದ್ದು 50 ಕೆಜಿಯ 40 ಚೀಲ, ಅಂದರೆ 2,000 ಕೆಜಿ. ಕೆಜಿಗೆ 18 ಸಿಕ್ಕರೆ 36,000. ಉಳಿದದ್ದು 14,700. ಮನೆಯವರು 28 ದಿನ ದುಡಿದಿದ್ದರೆ ದಿನಕ್ಕೆ 525. ಚೆನ್ನಾಗಿಯೇ ಕಾಣುತ್ತದೆ.

ಆದರೆ ಹೊಲಕ್ಕೆ ಕೊಟ್ಟಿಗೆಯಿಂದ ಎರಡು ಲೋಡು ಗೊಬ್ಬರ ಹೋಗಿದೆ. ಅದನ್ನೇ ಪಕ್ಕದವರಿಗೆ ಕೊಟ್ಟಿದ್ದರೆ ಲೋಡಿಗೆ 3,000 ಬರುತ್ತಿತ್ತು. ಆ 6,000 ಕಳೆದರೆ ಉಳಿಯುವುದು 8,700, ದಿನಕ್ಕೆ 311. ಈ 6,000ವನ್ನು ಹಸುವಿನ ಪುಟದಲ್ಲಿ ಬಂದದ್ದರ ಕಡೆ ಬರೆಯಬೇಕು. ಮೂರನೆಯ ಪಾಲಿನ ಪುಟ ಇರುವುದು ಇದಕ್ಕೇ: ಗೊಬ್ಬರ ಹಸುವಿನಿಂದ ಹೊಲಕ್ಕೆ, ಹುಲ್ಲು ಹೊಲದಿಂದ ಹಸುವಿಗೆ, ರಾಗಿ ಹೊಲದಿಂದ ಅಡುಗೆಮನೆಗೆ.

ಇನ್ನೊಂದು ಅಂಕಿಯನ್ನು ಬೀಜ ಕೊಳ್ಳುವ ಮೊದಲೇ ಬರೆದಿಡಿ. ಕೈಖರ್ಚು 21,300ನ್ನು 2,000 ಕೆಜಿಯಿಂದ ಭಾಗಿಸಿದರೆ 10 ರೂಪಾಯಿ 65 ಪೈಸೆ. ದರ ಇದಕ್ಕಿಂತ ಕೆಳಗಿಳಿದರೆ ಹಾಕಿದ ದುಡ್ಡೂ ವಾಪಸ್ ಬರುವುದಿಲ್ಲ. 12 ರೂಪಾಯಿಗೆ ಮಾರಿದರೆ 2,700 ಉಳಿಯುತ್ತದೆ, ದಿನಕ್ಕೆ 96. ಗೊಬ್ಬರ ಕಳೆದರೆ 3,300 ಮೈಮೇಲೆ. ಜುಲೈನಲ್ಲಿ ಸೋನೆ ಬಿಡದೆ ಹಿಡಿದರೆ ಅಂಗಮಾರಿ ತಪ್ಪಿಸಲು ವಾರಕ್ಕೊಮ್ಮೆ ಮ್ಯಾಂಕೋಜೆಬ್ ಹೊಡೆಯಬೇಕಾಗುತ್ತದೆ. ರೋಗ ಕಂಡ ಮೇಲೆ ಹೊಡೆದರೆ ಅದು ಹೆಚ್ಚು ಕೆಲಸ ಮಾಡುವುದಿಲ್ಲ, ಮೊದಲೇ ಹೊಡೆಯುವ ಔಷಧಿ ಅದು. ಐದು ಸಲ ಎಂಟಾಗುತ್ತದೆ. ಆ 1,500ನ್ನು ಮೊದಲೇ ಬೇರೆ ತೆಗೆದಿಟ್ಟಿಲ್ಲದ ಮನೆ ಆರನೆಯ ಸಲ ಬಿಟ್ಟುಬಿಡುತ್ತದೆ, ಬೆಳೆ ಹೋಗುವುದು ಅಲ್ಲೇ.

ಮಂಡಿಯವರು ತೂಕದಲ್ಲಿ ಕಳೆದುಕೊಳ್ಳುವ ಸೂಟಿನ ಮೇಲೂ ಕಣ್ಣಿರಲಿ. ಮನೆಯಲ್ಲಿ ತೂಗಿದ್ದನ್ನು ಒಂದು ಕಡೆ, ಮಂಡಿಯ ಚೀಟಿಯಲ್ಲಿರುವುದನ್ನು ಇನ್ನೊಂದು ಕಡೆ ಬರೆಯಿರಿ. ಚೀಲಕ್ಕೆ ಒಂದು ಕೆಜಿ ಸೂಟು ಹಿಡಿದರೆ 40 ಚೀಲಕ್ಕೆ 40 ಕೆಜಿ, 720 ರೂಪಾಯಿ. ಎಪಿಎಂಸಿಯಲ್ಲಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಿಂದ ಹಿಡಿಯುವ ಹಾಗಿಲ್ಲ. ಲೆಕ್ಕಕ್ಕೆ ಸಿಗದ ಬಿಳಿಚೀಟಿ ಬೇಡವೆಂದು ಹೇಳಿ, ಲೆಕ್ಕದ ಪಟ್ಟಿ ಕೇಳಿ ತೆಗೆದುಕೊಳ್ಳಿ.

ಹಸುವಿನ ಪುಟ

ಇಲ್ಲಿ ತಪ್ಪು ನಡೆಯುವುದು ಬಟವಾಡೆಯ ದಿನ. ಡೈರಿಯವರು ಪಶು ಆಹಾರದ ಚೀಲದ ದುಡ್ಡು ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಮನೆಯಲ್ಲಿ ಬಂದಷ್ಟನ್ನೇ ಹಾಲಿನ ದುಡ್ಡು ಎಂದು ಬರೆಯುತ್ತಾರೆ, ಆಮೇಲೆ ಚೀಲದ ದುಡ್ಡನ್ನು ನೆನಪಿನಿಂದ ಮತ್ತೊಮ್ಮೆ ಖರ್ಚಿಗೆ ಹಾಕುತ್ತಾರೆ. ಹಾಲಿನ ಕಾರ್ಡಿನಲ್ಲಿರುವ ಲೀಟರು, ದರ, ಪೂರ್ತಿ ಮೊತ್ತ ಬರೆದು, ಹಿಡಿದದ್ದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ತಡವಾಗಿ ಬೇರೆಯಾಗಿ ಬರುವುದರಿಂದ ಅದಕ್ಕೂ ಒಂದು ಸಾಲು ಇರಲಿ. ಇಲ್ಲದಿದ್ದರೆ ಅದು ಎಲ್ಲಿಂದಲೋ ಬಂದ ದುಡ್ಡಾಗಿ ಖರ್ಚಾಗುತ್ತದೆ.

ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಸರಾಸರಿ ದಿನಕ್ಕೆ 8 ಲೀಟರಿನಂತೆ 300 ದಿನ ಕರೆದರೆ 2,400 ಲೀಟರು, ಮನೆಗೆ ಬಳಸಿದ್ದೂ ಸೇರಿ. ಲೀಟರಿಗೆ 34, ಅದರ ಮೇಲೆ 5, ಒಟ್ಟು 93,600. ಖರ್ಚಿಗೆ ಬನ್ನಿ. ಹಸುವಿನ ಮೈಗೆ ದಿನಕ್ಕೆ ಒಂದು ಕೆಜಿ, ಲೀಟರಿಗೆ 400 ಗ್ರಾಮಿನಂತೆ 3.2 ಕೆಜಿ, ಒಟ್ಟು 4.2 ಕೆಜಿ ಆಹಾರ. 300 ದಿನಕ್ಕೆ 1,260 ಕೆಜಿ. ಬತ್ತಿಸಿದ 65 ದಿನ ಎರಡೆರಡು ಕೆಜಿಯಂತೆ 130. ಸುಮಾರು 28 ಚೀಲ, 1,250ರಂತೆ 35,000. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಮು, ವರ್ಷಕ್ಕೆ 1,800. ಮನೆಯ ರಾಗಿ ಹುಲ್ಲು, ಕೊಂಡಿದ್ದರೆ ಆಗುತ್ತಿದ್ದ ಬೆಲೆಯಲ್ಲಿ, 6,000. ಡಾಕ್ಟರು, ಇಂಜೆಕ್ಷನ್ 2,500. ವಿಮೆ 1,500. ಬದುವಿನ ನೇಪಿಯರ್ ಹುಲ್ಲಿಗೆ ಬೆಲೆ ಬೇಡ, ಕೊಯ್ಯುವ ಹೊತ್ತನ್ನು ಬರೆದರೆ ಸಾಕು.

ಇನ್ನು ಹಸುವಿನ ಸವಕಳಿ. 60,000ಕ್ಕೆ ತಂದ ಹಸುವನ್ನು ಐದು ವರ್ಷ ಕರೆದು ಮಾರಿದರೆ ಮುಂಚೆ ಒಂದಿಷ್ಟು ದುಡ್ಡು ಬರುತ್ತಿತ್ತು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆ ಬಂದ ಮೇಲೆ ಮುದಿ ಹಸುವಿಗೆ ಗಿರಾಕಿ ಕಡಿಮೆ. 10,000 ಎಂದು ಹಿಡಿದರೆ ಉಳಿದ 50,000ವನ್ನು ಐದರಿಂದ ಭಾಗಿಸಿ ವರ್ಷಕ್ಕೆ 10,000. ಬರೆಯದೆ ಬಿಟ್ಟರೆ ಹೊಸ ಹಸು ತರುವ ವರ್ಷ ಸಾಲವಾಗಿ ಬಂದು ನಿಲ್ಲುವುದು ಇದೇ ದುಡ್ಡು.

ಎಲ್ಲ ಕೂಡಿದರೆ 56,800 ಖರ್ಚು. 36,800 ಉಳಿಯಿತು, ಗೊಬ್ಬರದ 6,000 ಸೇರಿ 42,800. ಹಸುವಿಗೆ ದಿನಕ್ಕೆ ಮೂರು ಗಂಟೆಯಂತೆ ವರ್ಷಕ್ಕೆ 1,095 ಗಂಟೆ, 137 ದಿನ. ದಿನಕ್ಕೆ 312 ರೂಪಾಯಿ. ಲೀಟರು ಹತ್ತಾದರೆ ಈ ಅಂಕಿ ಏರುತ್ತದೆ, ಗಬ್ಬ ನಿಲ್ಲದೆ ನಾಲ್ಕು ತಿಂಗಳು ಬರಡು ನಿಂತರೆ ಕುಸಿಯುತ್ತದೆ. ಅದಕ್ಕೇ ಹಸುವಿನ ಪುಟದ ತಲೆಯಲ್ಲಿ ಕರು ಹಾಕಿದ ತಾರೀಕು, ಬೆದೆಗೆ ಬಂದ ತಾರೀಕು, ಇಂಜೆಕ್ಷನ್ ತಾರೀಕು ದಪ್ಪಗೆ ಬರೆಯುವುದು. 21 ದಿನಕ್ಕೊಮ್ಮೆ ಬರುವ ಬೆದೆ ಒಂದು ತಪ್ಪಿದರೆ 21 ದಿನದ ಮೇವು ದಂಡ.

ಆಲೂಗೆಡ್ಡೆ 311, ಹಸು 312. ಹೆಚ್ಚೂಕಡಿಮೆ ಒಂದೇ. ಆದರೆ ಈ ಎರಡು ದಿನಗಳು ಒಂದೇ ಅಲ್ಲ.

ಇಡೀ ದಿನ, ಬಿಡಿ ಹೊತ್ತು

ಬೆಳಗಿನ ಐದೂವರೆಯಿಂದ ಏಳು, ಸಂಜೆ ಐದರಿಂದ ಆರೂವರೆ. ಹಸುವಿನ ಮೂರು ಗಂಟೆ ಬರುವುದು ಹೀಗೆ ತುಂಡಾಗಿ. ಈ ಹೊತ್ತನ್ನು ಪೇಟೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಆಲೂಗೆಡ್ಡೆಯ 28 ದಿನದಲ್ಲಿ ಮಣ್ಣೇರಿಸುವುದು, ಕೀಳುವುದು ಇಡೀ ದಿನದ ಕೆಲಸ, ಆ ದಿನಗಳನ್ನು ಗಾರೆ ಕೆಲಸಕ್ಕೆ ಮಾರಬಹುದಿತ್ತು. ಆದ್ದರಿಂದ ಗಂಟೆಯ ಕಲಂನಲ್ಲಿ ಇಡೀ ದಿನಕ್ಕೆ ‘ಇ’, ತುಂಡು ಹೊತ್ತಿಗೆ ‘ಬಿ’ ಎಂದು ಗುರುತು ಹಾಕಿ. ‘ಇ’ ದಿನಗಳನ್ನು ಮಾತ್ರ ಹೊರಗಿನ ಕೂಲಿಯ ಜೊತೆ ಹೋಲಿಸಿ. ಅಳತೆಗೋಲು ಬೇಕಿದ್ದರೆ 2025–26ರಲ್ಲಿ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ‘ಬಿ’ ಹೊತ್ತಿಗೆ ದಿನಕ್ಕೆ 200 ಬಿದ್ದರೂ ಅದು ಬೇರೆಲ್ಲೂ ಸಿಗದ ದುಡ್ಡು.

ಕಾರ್ಖಾನೆ ಸಂಬಳವನ್ನೂ ಇದೇ ಗಂಟೆಯ ಲೆಕ್ಕಕ್ಕೆ ತನ್ನಿ. ಸೊಸೆಗೆ ತಿಂಗಳಿಗೆ ಕೈಗೆ 12,000 ಬರುತ್ತದೆ ಅನ್ನಿ. ಮನೆ ಬಿಟ್ಟು ಮನೆ ಸೇರುವವರೆಗೆ 11 ಗಂಟೆ, 26 ದಿನ, 286 ಗಂಟೆ. ಎಂಟು ಗಂಟೆಯ ದಿನಕ್ಕೆ ಇಳಿಸಿದರೆ ಸುಮಾರು 335 ರೂಪಾಯಿ. ತಿಂಗಳ ಸಂಬಳ ಕೇಳಿದಾಗ ಅನ್ನಿಸಿದಷ್ಟು ಅಂತರ ಇಲ್ಲಿ ಕಾಣುವುದಿಲ್ಲ. ಆದರೆ ಪಿಎಫ್, ಇಎಸ್‌ಐ ಇದರ ಹೊರಗಿದೆ. ಮನೆಮಂದಿಗೆ ಇಎಸ್‌ಐ ಚಿಕಿತ್ಸೆ ಸಿಗುವುದು ದೊಡ್ಡದು, ಒಂದು ಆಪರೇಷನ್ ಬಂದರೆ ಐದು ವರ್ಷದ ಆಲೂಗೆಡ್ಡೆಯ ಉಳಿತಾಯ ಹೋಗುತ್ತದೆ. ಅವಳು ಹೋದರೆ ಸಂಜೆ ಹಾಲು ಕರೆಯುವವರು ಯಾರು ಅನ್ನುವುದನ್ನೂ ಅದೇ ಪುಟದಲ್ಲಿ ಬರೆಯಿರಿ. ಅತ್ತೆ ಕರೆಯುವುದಾದರೆ ಸರಿ. ಒಂದು ಹಸು ಮಾರಬೇಕಾಗಿ ಬಂದರೆ 42,800ನ್ನು ವರ್ಷದ ಸಂಬಳದಿಂದ ಕಳೆದು ನೋಡಬೇಕು.

ವರ್ತನೆ ಹಾಲಿನ ಲೆಕ್ಕವೂ ಹೀಗೆ. ಡೈರಿಯಲ್ಲಿ 39, ಪೇಟೆಯ ಮನೆಗಳಲ್ಲಿ 52. ಆರು ಲೀಟರಿಗೆ 78 ಹೆಚ್ಚು. ಹೋಗಿಬರುವುದು 14 ಕಿಲೋಮೀಟರು, ಪೆಟ್ರೋಲಿಗೆ 32. ಉಳಿದ 46 ರೂಪಾಯಿಗೆ ಒಂದೂವರೆ ಗಂಟೆ. ಅಲ್ಲದೆ ವರ್ಷದಲ್ಲಿ ಇಂತಿಷ್ಟು ಹಾಲು ಹಾಕದ ಸದಸ್ಯರಿಗೆ ಸಂಘದಲ್ಲಿ ಬೋನಸ್ಸೂ ಇಲ್ಲ, ಓಟೂ ಇಲ್ಲ. ಮಗ ಹೇಗಿದ್ದರೂ ಕಾಲೇಜಿಗೆ ಹೋಗುವವನಾದರೆ ಮಾತು ಬೇರೆ, 78 ಪೂರ್ತಿ ಉಳಿಯುತ್ತದೆ. ಎರಡು ಗುಂಟೆಯ ಕೊತ್ತಂಬರಿ, ಸಬ್ಬಸಿಗೆ, ದಂಟಿನ ಸೊಪ್ಪನ್ನು ಸಂತೆಗೆ ಒಯ್ಯುವ ಹೆಂಗಸರಿಗೆ 2023ರ ಜೂನಿನಿಂದ ಬಸ್ಸು ಬಿಟ್ಟಿ. ಹೊರೆ ಮಿತಿ ಮೀರಿದರೆ ಲಗೇಜಿನ ಚೀಟಿ ಮಾತ್ರ ತಪ್ಪುವುದಿಲ್ಲ.

ತಿನ್ನುವ ರಾಗಿ, ಮಾರುವ ರಾಗಿ

ಐದು ಜನರ ಮನೆಗೆ ತಲೆಗೆ ದಿನಕ್ಕೆ 250 ಗ್ರಾಮಿನಂತೆ ವರ್ಷಕ್ಕೆ 456 ಕೆಜಿ ರಾಗಿ ಬೇಕು. ಎಕರೆಗೆ 10 ಕ್ವಿಂಟಾಲ್ ಬಂದರೆ ನಾಲ್ಕೂವರೆ ಒಳಗೆ ಹೋಗಲಿ. ಮಾರಿದ ರಾಗಿಗೆ ಮಾರಿದ ದರ, ತಿಂದ ರಾಗಿಗೆ ಅಂಗಡಿಯ ದರ ಹಾಕಿ, ಏಕೆಂದರೆ ಬೆಳೆಯದಿದ್ದರೆ ಅಂಗಡಿಯಿಂದಲೇ ತರಬೇಕಿತ್ತು. ಡಿಸೆಂಬರಿನಲ್ಲಿ ಎಲ್ಲವನ್ನೂ ಮಾರಿ ಜೂನಿನಲ್ಲಿ ಕೊಳ್ಳುವ ಮನೆ ಕೆಜಿಗೆ ಐದಾರು ರೂಪಾಯಿ ಸುಮ್ಮನೆ ಕಳೆದುಕೊಳ್ಳುತ್ತದೆ. ಬೆಂಬಲ ಬೆಲೆಗೆ (2025–26ಕ್ಕೆ ಕ್ವಿಂಟಾಲಿಗೆ 4,886) ಕೊಡುವ ಇರಾದೆ ಇದ್ದರೆ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಪಹಣಿಯೂ ಬೆಳೆಯೂ ಸರಿಯಾಗಿ ಸೇರಿವೆಯೇ ಎಂದು ಕೊಯ್ಲಿಗೆ ಮೊದಲೇ ನೋಡಿ. ಬೆಳೆ ಸಮೀಕ್ಷೆಯಲ್ಲಿ ರಾಗಿ ಇದ್ದ ಜಾಗಕ್ಕೆ ಜೋಳ ಎಂದು ಬಿದ್ದಿದ್ದರೆ ಖರೀದಿ ಕೇಂದ್ರದ ಬಾಗಿಲಲ್ಲಿ ಚೀಲ ಇಳಿಸಿಕೊಂಡು ಜಗಳವಾಡಿ ಪ್ರಯೋಜನವಿಲ್ಲ.

ಸಾಲದ ಪುಟ

ಮೇ, ಜೂನ್ ಎರಡು ತಿಂಗಳು ಮನೆ ಬಿಗಿಯುತ್ತದೆ. ಬೀಜ, ಗೊಬ್ಬರ, ಸ್ಕೂಲಿನ ಫೀಸು ಎಲ್ಲ ಒಟ್ಟಿಗೆ ಬರುತ್ತವೆ, ಮಾರಲು ಹಾಲು ಬಿಟ್ಟರೆ ಏನೂ ಇರುವುದಿಲ್ಲ. ಆಗಲೇ ಮಂಡಿಯವರ ಬೀಜ ಸಾಲಕ್ಕೆ ಸಿಗುವುದು. ಅದರ ಬಡ್ಡಿಯನ್ನು ಯಾರೂ ಹೇಳುವುದಿಲ್ಲ, ನೀವೇ ಹೊರತೆಗೆಯಬೇಕು.

ಕೈಯಲ್ಲಿ ಕಾಸು ಕೊಟ್ಟರೆ ಚೀಲಕ್ಕೆ 1,500, ಸಾಲಕ್ಕಾದರೆ 1,650. ಆರು ಚೀಲಕ್ಕೆ 900 ಹೆಚ್ಚು. 9,000ಕ್ಕೆ ನಾಲ್ಕು ತಿಂಗಳಲ್ಲಿ 900 ಅಂದರೆ ವರ್ಷಕ್ಕೆ ನೂರಕ್ಕೆ 30. ಇಷ್ಟೇ ಆಗಿದ್ದರೆ ಪರವಾಗಿಲ್ಲ. ಬೀಜ ತಂದವರು ಮಾಲನ್ನೂ ಅಲ್ಲಿಗೇ ಹಾಕಬೇಕು, ಅಲ್ಲಿ ಕೆಜಿಗೆ ಒಂದು ರೂಪಾಯಿ ಕಡಿಮೆ ಬಿದ್ದರೆ 2,000 ಕೆಜಿಗೆ 2,000. ಒಟ್ಟು 2,900. ನಾಲ್ಕು ತಿಂಗಳಿಗೆ ನೂರಕ್ಕೆ 32, ವರ್ಷಕ್ಕೆ ಇಳಿಸಿದರೆ ಹತ್ತಿರ ಹತ್ತಿರ 97. ತಿಂಗಳಿಗೆ ನೂರಕ್ಕೆ ಮೂರರ ಕೈಸಾಲ (ವರ್ಷಕ್ಕೆ 36) ಕೂಡ ಇದರ ಮುಂದೆ ಸೋವಿ. ಬ್ಯಾಂಕಿನಲ್ಲಿ ಒಡವೆ ಇಟ್ಟು ಬೀಜ ತರುವುದು ಇನ್ನೂ ಸೋವಿ. ಒಡವೆ ಇಡುವುದು ಅವಮಾನ ಅನ್ನುವ ಮನೆಗಳು ಆ ಅವಮಾನಕ್ಕೆ ವರ್ಷಕ್ಕೆ ಎಷ್ಟು ಕೊಡುತ್ತಿವೆ ಎಂದು ಈಗ ಗೊತ್ತಾಗಿರಬೇಕು.

ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ. 2023ರಲ್ಲಿ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ವಾಯಿದೆ ಮೀರಿದರೆ ಬಡ್ಡಿ ಇಲ್ಲ ಅನ್ನುವ ಮಾತು ಹೋಯಿತು. ವಾಯಿದೆ ದಿನವನ್ನು ಪುಸ್ತಕದ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ. ಹಳೆಯ ಸಾಲ ಕಟ್ಟಿ ಹೊಸದಾಗಿ ಎತ್ತಿ ತಿರುವಿ ಹಾಕಲು ಹತ್ತು ದಿನದ ಮಟ್ಟಿಗೆ ಕೈಗಡ ತಂದರೆ ಅದಕ್ಕೆ ಕೊಟ್ಟ ಬಡ್ಡಿಯನ್ನೂ ಬೆಳೆ ಸಾಲದ ಖರ್ಚಿಗೇ ಸೇರಿಸಿ.

ಈ ಸುಳಿಯಿಂದ ಹೊರಬರಲು ಮಾಡಬಹುದಾದದ್ದು ಒಂದೇ: ಸೆಪ್ಟೆಂಬರಿನಲ್ಲಿ ಆಲೂಗೆಡ್ಡೆ ದುಡ್ಡು ಬಂದ ದಿನವೇ ಮುಂದಿನ ವರ್ಷದ ಬೀಜದ 9,000ವನ್ನು ಬೇರೆ ಖಾತೆಗೆ ಹಾಕುವುದು. ಅಷ್ಟು ಆಗದಿದ್ದರೆ ಗೃಹಲಕ್ಷ್ಮಿಯ 2,000 ಬಂದ ತಿಂಗಳೆಲ್ಲ 1,000 ತೆಗೆದಿಡಿ, ಒಂಬತ್ತು ತಿಂಗಳಿಗೆ ಬೀಜ ಆಯಿತು. ಅದು ಮನೆಯೊಡತಿಯ ಖಾತೆಗೆ ಬರುವ ದುಡ್ಡು, ಅವರನ್ನು ಕೇಳಿಯೇ ತೆಗೆಯಬೇಕು. ಇದನ್ನೂ ಪಿಎಂ ಕಿಸಾನ್‌ನ 6,000ವನ್ನೂ ಬೆಳೆಯ ಪುಟಕ್ಕೆ ಮಾತ್ರ ತರಬೇಡಿ. ತಂದರೆ ನಷ್ಟದ ಬೆಳೆ ಲಾಭದಂತೆ ಕಾಣುತ್ತದೆ.

ಶುಂಠಿಗೆ ಹೊಲ ಕೊಟ್ಟಿದ್ದರೆ, ಗುತ್ತಿಗೆಯ ದುಡ್ಡನ್ನು ಒಂದೇ ವರ್ಷಕ್ಕೆ ಬರೆಯಬೇಡಿ. ಬೆಳೆ ನಿಲ್ಲುವ ವರ್ಷವನ್ನೂ ಆಮೇಲೆ ಮಣ್ಣು ಸುಧಾರಿಸಿಕೊಳ್ಳುವ ವರ್ಷಗಳನ್ನೂ ಸೇರಿಸಿ ಭಾಗಿಸಿ. 80,000 ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 26,667. ಪಕ್ಕದಲ್ಲಿ ಲೇಔಟ್ ಆಗಿ ಗುಂಟೆಗೆ ಇಂತಿಷ್ಟು ಲಕ್ಷ ಅನ್ನುವ ಮಾತು ಬಂದರೂ ಅದಕ್ಕೆ ಈ ಪುಸ್ತಕದಲ್ಲಿ ಜಾಗವಿಲ್ಲ. ಮಾರುವ ದಿನ ಬೇರೆ ಕಾಗದದಲ್ಲಿ ಮಾಡುವ ಲೆಕ್ಕ ಅದು.

ಮುಂದಿನ ಯುಗಾದಿಗೆ ಮತ್ತೆ ದಾಸ್ತಾನು ಎಣಿಸಿ, ಪ್ರತಿ ಪುಟದ ಕೆಳಗೆ ಮೂರು ಅಂಕಿ ಬರೆಯಿರಿ: ಕೈಯಲ್ಲಿ ಉಳಿದದ್ದು, ದುಡಿದ ದಿನ, ದಿನಕ್ಕೆ ಬಿದ್ದದ್ದು. ಮುಗಿದ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಬೀಜದ ರಸೀತಿ, ವಿಮೆಯ ಸ್ವೀಕೃತಿ, ಮಂಡಿಯ ಪಟ್ಟಿಗಳನ್ನು ಅದರ ಕೊನೆಯ ಹಾಳೆಗಳಿಗೆ ಅಂಟಿಸಿಡಿ. ಬೀಜ ಮೊಳೆಯದೆ ದೂರು ಕೊಡಬೇಕಾಗಿ ಬಂದಾಗ ಮೊದಲು ಕೇಳುವುದು ರಸೀತಿಯನ್ನು, ಮಂಡಿಯ ಚೀಟಿಯ ಶಾಯಿ ಆರು ತಿಂಗಳಿಗೆ ಮಾಸಿಹೋಗುವುದರಿಂದ ಅದರ ಒಂದು ಜೆರಾಕ್ಸ್ ಕೂಡ ಇರಲಿ.